ಸಿಡಿಲಿಗೆ ಲ್ಯಾನ್ ಪೋರ್ಟ್ ಹೋದ ಡೆಸ್ಕ್‌ಟಾಪ್‌ಗೆ ಹೊಸ ನೆಟ್‌ವರ್ಕ್ ಕಾರ್ಡ್: ಯಾವುದು, ಹೇಗೆ, ಮತ್ತೆ ಹೋಗದ ಹಾಗೆ ಎಂತ ಮಾಡುವುದು?

ಪಡುಬಿದ್ರೆ ಪೇಟೆ:

ಅಂಗಡಿಯ ಬಿಲ್ಲಿಂಗ್ ಡೆಸ್ಕ್‌ಟಾಪಿನ ಲ್ಯಾನ್ ಪೋರ್ಟ್ ಮೊನ್ನೆಯ ಸಿಡಿಲಿನ ನಂತರ ಸತ್ತಿದೆ. ಉಳಿದದ್ದೆಲ್ಲ ಸರಿ ಉಂಟು.

ಎಚ್110 ಮೈಕ್ರೋ ಎಟಿಎಕ್ಸ್ ಮದರ್‌ಬೋರ್ಡ್, ವಿಂಡೋಸ್ 10. ಒಂದು ಉದ್ದ ಸ್ಲಾಟ್, ಎರಡು ಸಣ್ಣ ಸ್ಲಾಟ್, ಮೂರೂ ಖಾಲಿ. ಐಪಿ 192.168.1.10 ಅಂತ ಕೈಯಲ್ಲೇ ಹಾಕಿದ್ದು, ಯಾಕೆಂದರೆ ಹಿಂದಿನ ಗೋಡೌನಿನ ಕಂಪ್ಯೂಟರ್ ಇದರಲ್ಲಿರುವ ಬಿಲ್ಲಿಂಗ್ ಡೇಟಾ ತೆರೆಯುತ್ತದೆ. ರೌಟರ್ 192.168.1.1. ಗೋಡೌನಿಗೆ ಅಂಗಳದ ಮೇಲಿಂದ ಸುಮಾರು 40 ಮೀಟರ್ ಕೇಬಲ್ ಎಳೆದದ್ದು. ಕೇಬಲ್ ಹಾಕಿದರೆ ಪೋರ್ಟಿನ ದೀಪ ಹತ್ತುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಚಿಹ್ನೆ, ಕೋಡ್ 10.

ಯಾವ ಕಾರ್ಡ್ ತರುವುದು? ಸಣ್ಣ ಸ್ಲಾಟಿಗೆ ಹಾಕುವುದೋ ಉದ್ದದ್ದಕ್ಕೋ? ಹಾಕಿದ ಮೇಲೆ ಏನೇನು ಬದಲಿಸಬೇಕು?

ಕಾರ್‌ಸ್ಟ್ರೀಟ್ ಸರ್ವಿಸ್:

ಕಾರ್ಡ್ ತರುವ ಮೊದಲು ಒಂದು ಕೆಲಸ ಮಾಡಿ ಮಾರಾಯ್ರೆ. ಅದೇ ಕೇಬಲನ್ನು ಒಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿ, ಮತ್ತೆ ರೌಟರಿನ ಬೇರೆ ಬೇರೆ ಪೋರ್ಟಿಗೆ ಹಾಕಿ ನೋಡಿ. ಸಿಡಿಲು ಕೇಬಲಿನಲ್ಲಿ ಬಂದದ್ದಾದರೆ ಎರಡೂ ತುದಿಗೆ ಹೊಡೆಯುತ್ತದೆ. ಡೆಸ್ಕ್‌ಟಾಪಿನದ್ದು ಮಾತ್ರ ಹೋಯಿತು ಅಂತ ಕಾರ್ಡ್ ಹಾಕಿಸಿ, ಕೊನೆಗೆ ರೌಟರಿನ 2ನೇ ಪೋರ್ಟೂ ಸತ್ತಿತ್ತು ಅಂತ ಗೊತ್ತಾಗುವುದು ಇಲ್ಲಿ ಮಾಮೂಲು.

ಕೋಡ್ 10 ಅಂದರೆ ಡ್ರೈವರ್ ಉಂಟು, ಆದರೆ ಚಿಪ್ ಉತ್ತರ ಕೊಡುತ್ತಿಲ್ಲ ಅಂತ. ಕೋಡ್ 28 ಆಗಿದ್ದರೆ ಡ್ರೈವರ್ ಇಲ್ಲ ಅಂತ ಅರ್ಥ, ಆಗ ಕಾರ್ಡ್ ಬೇಕಾಗುವುದಿಲ್ಲ. ನಿಮ್ಮ ಲಕ್ಷಣ ನೋಡಿದರೆ ಚಿಪ್ಪೇ ಹೋಗಿದೆ. ಒಮ್ಮೆ ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು, ಐದು ನಿಮಿಷ ಬಿಟ್ಟು ಪುನಃ ಹಚ್ಚಿ ನೋಡಿ. ಶಟ್‌ಡೌನ್ ಮಾಡಿದರೂ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿ) 5 ವೋಲ್ಟ್ ಸ್ಟ್ಯಾಂಡ್‌ಬೈ ಹೋಗುತ್ತಲೇ ಇರುವ ಕಾರಣ ಸಿಕ್ಕಿಬಿದ್ದ ಚಿಪ್ ಹಾಗೆಯೇ ಉಳಿಯುವುದುಂಟು. ಅದಕ್ಕೂ ಬಗ್ಗದಿದ್ದರೆ ಕಾರ್ಡೇ ದಾರಿ.

ಸುರತ್ಕಲ್ ಲಿನಕ್ಸ್:

ಕಾರ್ಡಿನ ಆಯ್ಕೆ ಬಗ್ಗೆ. ಪೆಟ್ಟಿಗೆಯ ಮೇಲಿನ ಕಂಪನಿ ಹೆಸರಿಗಿಂತ ಒಳಗಿನ ಚಿಪ್ ಮುಖ್ಯ. ಒಂದೇ ಮಾಡೆಲಿನ ಬೇರೆ ಬೇರೆ ಆವೃತ್ತಿಯಲ್ಲಿ ಚಿಪ್ ಬದಲಾಗಿರುವುದೂ ಉಂಟು. ನಿಮ್ಮ ಅಗತ್ಯಕ್ಕೆ ರಿಯಲ್‌ಟೆಕ್ ಆರ್‌ಟಿಎಲ್8111 ಅಥವಾ 8168 ಇರುವ ಗಿಗಾಬಿಟ್ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಸಾಕು. ಇದರ ಡ್ರೈವರ್ ವಿಂಡೋಸ್ 10ರ ಒಳಗೇ ಇದೆ, ಲಿನಕ್ಸ್‌ನಲ್ಲಿ ಆರ್8169 ಎಂಬ ಡ್ರೈವರ್ ನೋಡಿಕೊಳ್ಳುತ್ತದೆ. ಸ್ವಲ್ಪ ಹೆಚ್ಚು ಖರ್ಚು ಮಾಡಲು ತಯಾರಿದ್ದರೆ ಇಂಟೆಲ್ ಐ210 ಇರುವುದು ತನ್ನಿ. ದಿನವಿಡೀ ಡೇಟಾ ಹಂಚುವ ಯಂತ್ರಕ್ಕೆ ನಾನು ಅದನ್ನೇ ಹೇಳುತ್ತೇನೆ.

ವೇಗದ ಲೆಕ್ಕ: ಗಿಗಾಬಿಟ್ ಅಂದರೆ ಸೆಕೆಂಡಿಗೆ 125 ಮೆಗಾಬೈಟ್. ಎಚ್110 ಚಿಪ್‌ಸೆಟ್‌ನಿಂದ ಬರುವ ಸಣ್ಣ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ 2.0, ಅಂದರೆ ಒಂದು ಲೇನಿಗೆ (ಸಣ್ಣ ಸ್ಲಾಟಿನಲ್ಲಿ ಇರುವುದು ಒಂದೇ ಲೇನ್) ಸೆಕೆಂಡಿಗೆ 500 ಮೆಗಾಬೈಟ್. ಗಿಗಾಬಿಟ್‌ಗೆ ಧಾರಾಳ, 2.5 ಗಿಗಾಬಿಟ್‌ಗೂ ಸಾಲುತ್ತದೆ. ಹಾಗಾಗಿ ಸಣ್ಣ ಸ್ಲಾಟಿಗೇ ಹಾಕಿ, ಉದ್ದದ್ದು ಗ್ರಾಫಿಕ್ಸ್ ಕಾರ್ಡಿಗೆ ಇರಲಿ. ಸಣ್ಣ ಸ್ಲಾಟ್ ಕೆಟ್ಟಿದ್ದರೆ ಅದೇ ಕಾರ್ಡ್ ಉದ್ದದ ಸ್ಲಾಟಿನಲ್ಲೂ ನಡೆಯುತ್ತದೆ. ಬಾಲ ಖಾಲಿ ಉಳಿದರೆ ತೊಂದರೆ ಇಲ್ಲ.

ಹಳೆ ದಾಸ್ತಾನಿನಲ್ಲಿ ಸಿಗುವ ಬಿಳಿ ಪಿಸಿಐ ಸ್ಲಾಟಿನ ಆರ್‌ಟಿಎಲ್8139 ಕಾರ್ಡನ್ನು ಯಾರಾದರೂ ಕೊಡಲು ಬಂದರೆ ಬೇಡ ಅನ್ನಿ. ಅದು 100 ಮೆಗಾಬಿಟ್‌ನದ್ದು, ಮತ್ತು ನಿಮ್ಮ ಬೋರ್ಡಿನಲ್ಲಿ ಆ ಸ್ಲಾಟೇ ಇಲ್ಲ.

ಮಣ್ಣಗುಡ್ಡ:

ಹೇಗೂ ತರುವುದಾದರೆ 2.5 ಗಿಗಾಬಿಟ್ ಯಾಕೆ ಬೇಡ? ಆರ್‌ಟಿಎಲ್8125 ಕಾರ್ಡುಗಳು ಈಗ ಸುಲಭದಲ್ಲಿ ಸಿಗುತ್ತವೆ.

ಸುರತ್ಕಲ್ ಲಿನಕ್ಸ್:

@ಮಣ್ಣಗುಡ್ಡ, ರೌಟರಿನ ಪೋರ್ಟ್ ಗಿಗಾಬಿಟ್ ಆಗಿದ್ದರೆ 2.5ರ ಕಾರ್ಡೂ ಗಿಗಾಬಿಟ್‌ಗೇ ಇಳಿಯುತ್ತದೆ ಸರ್. ಜೊತೆಗೆ 8125ರ ಡ್ರೈವರ್ ಹಳೆಯ ವಿಂಡೋಸ್ 10ರಲ್ಲಿ ಇರುವುದಿಲ್ಲ, ಲಿನಕ್ಸ್‌ನಲ್ಲಿ ಕರ್ನಲ್ 5.4ರಿಂದ ಈಚೆಗೆ ಬಂತು. ನೆಟ್ ಇಲ್ಲದ ಯಂತ್ರಕ್ಕೆ ನೆಟ್‌ನಿಂದಲೇ ಡ್ರೈವರ್ ಇಳಿಸಬೇಕಾದ ಸ್ಥಿತಿ ಬರುತ್ತದೆ. ಆಗಿನ ಉಪಾಯ: ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ವಿಂಡೋಸ್ ಅದನ್ನೇ ಒಂದು ನೆಟ್‌ವರ್ಕ್ ಕಾರ್ಡ್ ಅಂತ ಹಿಡಿಯುತ್ತದೆ. ಡ್ರೈವರ್ ಇಳಿಸುವಷ್ಟು ಹೊತ್ತಿಗೆ ಸಾಕು.

ಕಾರ್‌ಸ್ಟ್ರೀಟ್ ಸರ್ವಿಸ್:

ಸರಿ, ಈಗ ಹಾಕುವ ಕ್ರಮ ಬರೆಯುತ್ತೇನೆ.

ಮೊದಲು ಯಂತ್ರ ಹಚ್ಚಿಯೇ ಇರುವಾಗ ಡಿವೈಸ್ ಮ್ಯಾನೇಜರಿನಲ್ಲಿ ಸತ್ತ ಲ್ಯಾನನ್ನು ಅನ್‌ಇನ್‌ಸ್ಟಾಲ್ ಮಾಡಿ. ರೀಸ್ಟಾರ್ಟ್ ಮಾಡಿ ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟ) ಹೋಗಿ, ಹೆಚ್ಚಿನ ಬೋರ್ಡಿನಲ್ಲಿ ಡಿಲೀಟ್ ಅಥವಾ ಎಫ್2 ಒತ್ತುವುದು. ಅಡ್ವಾನ್ಸ್‌ಡ್ ಒಳಗೆ ಆನ್‌ಬೋರ್ಡ್ ಡಿವೈಸಸ್ ಅಂತ ಇರುತ್ತದೆ, ಅಲ್ಲಿ ಲ್ಯಾನ್ ಕಂಟ್ರೋಲರನ್ನು ಡಿಸೇಬಲ್ ಮಾಡಿ ಸೇವ್ ಮಾಡಿ. ಇದನ್ನು ಬಿಡಬೇಡಿ. ಅರೆಜೀವ ಚಿಪ್ ಬೂಟ್ ಆಗುವಾಗ ಯಂತ್ರವನ್ನು ತಡೆಯುತ್ತದೆ, ಕೆಲವೊಮ್ಮೆ ಬಿಸಿಯೂ ಆಗುತ್ತದೆ. ಅಲ್ಲಿಯೇ ನೆಟ್‌ವರ್ಕ್ ಬೂಟ್ (ನೆಟ್‌ವರ್ಕಿನಿಂದ ಯಂತ್ರ ಶುರು ಮಾಡುವುದು, ಅಂದರೆ ಪಿಎಕ್ಸ್‌ಇ) ಆನ್ ಇದ್ದರೆ ಅದನ್ನೂ ಆಫ್ ಮಾಡಿ. ಇಲ್ಲದಿದ್ದರೆ ಹೊಸ ಕಾರ್ಡ್ ಹಾಕಿದ ಮೇಲೆ ದಿನಾ ಬೆಳಿಗ್ಗೆ ಕಪ್ಪು ಪರದೆಯಲ್ಲಿ ಪಿಎಕ್ಸ್‌ಇ ಅಂತ ಏನೋ ಬರೆದು ಸುಮ್ಮನೆ ನಿಲ್ಲುತ್ತದೆ.

ಶಟ್‌ಡೌನ್, ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆಫ್, ಪ್ಲಗ್ ಕಿತ್ತು ತೆಗೆಯಿರಿ, ಪವರ್ ಬಟನ್ 10 ಸೆಕೆಂಡ್. ಬೋರ್ಡಿನ ಮೇಲಿನ ಸಣ್ಣ ದೀಪ ಪೂರ್ತಿ ಆರಿರಬೇಕು. ಕ್ಯಾಬಿನೆಟ್ಟಿನ ಎಡಬದಿಯ ತಗಡು ತೆಗೆದು, ಬಣ್ಣ ಇಲ್ಲದ ಕಬ್ಬಿಣದ ಭಾಗ ಮುಟ್ಟಿ, ಮತ್ತೆ ಕಾರ್ಡ್ ಹೊರಗೆ ತೆಗೆಯಿರಿ. ಕಾರ್ಡನ್ನು ಅಂಚಿನಲ್ಲೇ ಹಿಡಿಯಬೇಕು, ಚಿನ್ನದ ಬಣ್ಣದ ಹಲ್ಲುಗಳಿಗೆ ಬೆರಳು ತಾಗಬಾರದು. ನಮ್ಮ ಊರಿನ ಸೆಕೆಯಲ್ಲಿ ಬೆವರಿನ ಉಪ್ಪೇ ಆರು ತಿಂಗಳಲ್ಲಿ ಕಲೆ ಮಾಡುತ್ತದೆ.

ಸ್ಲಾಟಿಗೆ ನೇರ ಇರುವ ಹಿಂದಿನ ತಗಡಿನ ಪಟ್ಟಿ ತೆಗೆಯಿರಿ. ಅಗ್ಗದ ಕ್ಯಾಬಿನೆಟ್ಟಿನಲ್ಲಿ ಅದು ಮುರಿದು ತೆಗೆಯುವಂಥದ್ದು, ಅಂಚು ಬ್ಲೇಡಿನ ಹಾಗಿರುತ್ತದೆ, ಜಾಗ್ರತೆ. ಕಾರ್ಡಿನ ಕಚ್ಚು ಸ್ಲಾಟಿನ ತಡೆಗೆ ಸರಿ ಕೂರಿಸಿ ಎರಡೂ ಹೆಬ್ಬೆರಳಿನಲ್ಲಿ ಸಮವಾಗಿ ಒತ್ತಿ. ಹಲ್ಲು ಕಾಣದಷ್ಟು ಒಳಗೆ ಹೋಗಬೇಕು.

ಸ್ಕ್ರೂ ವಿಷಯದಲ್ಲಿ ತುಂಬ ಜನ ತಪ್ಪುತ್ತಾರೆ. ಪಟ್ಟಿಗೆ ಹಾಕುವುದು ದಪ್ಪ ಎಳೆಯ 6-32 ಸ್ಕ್ರೂ, ಎಸ್‌ಎಸ್‌ಡಿಗೆ ಹಾಕುವ ಸಣ್ಣ ಎಳೆಯ ಎಂ3 ಅಲ್ಲ. ಎಂ3 ಹಾಕಿದರೆ ಕೂತ ಹಾಗೆ ಕಾಣುತ್ತದೆ, ಹಿಡಿಯುವುದಿಲ್ಲ. ಆಮೇಲೆ ಕೇಬಲ್ ಎಳೆದಾಗ ಕಾರ್ಡ್ ಓರೆಯಾಗಿ ಸ್ಲಾಟಿನಿಂದ ಏಳುತ್ತದೆ. ಸ್ಕ್ರೂ ಬಿಗಿ ಮಾಡುವಾಗ ಕಾರ್ಡಿನ ಬಾಲದ ಕಡೆ ಮೇಲೆ ಎದ್ದರೆ ತಗಡಿನ ಪಟ್ಟಿ ಬಗ್ಗಿದೆ ಅಂತ ಅರ್ಥ. ಸ್ಕ್ರೂ ತೆಗೆದು ಪಟ್ಟಿಯ ಕೆಳತುದಿಯನ್ನು ಸ್ವಲ್ಪ ನೆಟ್ಟಗೆ ಮಾಡಿ ಪುನಃ ಕೂರಿಸಿ.

ಕಲ್ಸಂಕ:

ಕಾರ್‌ಸ್ಟ್ರೀಟ್ ಅಣ್ಣ, ಒಂದು ಸೇರಿಸುತ್ತೇನೆ. ಬ್ರ್ಯಾಂಡೆಡ್ ಸಪೂರ ಡೆಸ್ಕ್‌ಟಾಪ್ ಇರುವವರು ಲೋ ಪ್ರೊಫೈಲ್ ಪಟ್ಟಿ ಪೆಟ್ಟಿಗೆಯಲ್ಲಿ ಉಂಟಾ ಅಂತ ನೋಡಿಯೇ ತನ್ನಿ. ದೊಡ್ಡ ಪಟ್ಟಿ ಸುಮಾರು 12 ಸೆಂಟಿಮೀಟರ್, ಸಣ್ಣದು 8. ದೊಡ್ಡದು ಆ ಕ್ಯಾಬಿನೆಟ್ಟಿಗೆ ಕೂರುವುದೇ ಇಲ್ಲ, ಪಟ್ಟಿ ಇಲ್ಲದೆ ಬರೇ ಕಾರ್ಡ್ ಸಿಕ್ಕಿಸಿ ಇಟ್ಟರೆ ಕೇಬಲ್ ಭಾರಕ್ಕೇ ಸಂಪರ್ಕ ತಪ್ಪುತ್ತದೆ.

ಇನ್ನೊಂದು, ಪ್ಲಗ್ ಹಾಕಿಯೇ ಇಟ್ಟು ಕೆಲಸ ಮಾಡಿ, ಅರ್ತ್ ಸಿಗುತ್ತದೆ ಅಂತ ಕೆಲವು ವಿಡಿಯೋಗಳಲ್ಲಿ ಹೇಳುತ್ತಾರೆ. ಅರ್ತ್ ಸರಿ ಇರುವಲ್ಲಿ ಆ ಮಾತು ಸರಿ. ನಮ್ಮಲ್ಲಿ ಹಳೆ ಕಟ್ಟಡಗಳಲ್ಲಿ ಮೂರನೇ ಪಿನ್ನಿಗೆ ತಂತಿಯೇ ಇರುವುದಿಲ್ಲ. ಆಗ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಕ್ಯಾಬಿನೆಟ್ಟಿಗೆ ಸುಮಾರು 115 ವೋಲ್ಟ್, ಅಂದರೆ 230ರ ಅರ್ಧ, ತೇಲಿ ಬರುತ್ತದೆ. ಬರಿಗಾಲಿನಲ್ಲಿ ಮುಟ್ಟಿದರೆ ಜುಮ್ ಅನ್ನುವುದು ಅದೇ. ಕಿತ್ತಿಟ್ಟೇ ಕೆಲಸ ಮಾಡಿ.

ಮಲ್ಪೆ ಕೇಬಲ್:

ಹಲ್ಲುಗಳ ಬಗ್ಗೆ ಹೇಳಿದ್ದು ಹೌದು. ಕಡಲ ಬದಿಯಲ್ಲಿ ಖಾಲಿ ಬಿದ್ದ ಸ್ಲಾಟಿನ ಒಳಗೂ ಉಪ್ಪಿನ ಗಾಳಿ ಕೆಲಸ ಮಾಡಿರುತ್ತದೆ. ಕಾರ್ಡನ್ನು ಎರಡು ಮೂರು ಸಲ ಹಾಕಿ ತೆಗೆದು ಹಾಕಿ, ಆ ಉಜ್ಜುವಿಕೆಗೇ ಪದರ ಹೋಗುತ್ತದೆ. ಹಳೆ ಕಾರ್ಡಾದರೆ ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲ ಉಜ್ಜಿದರೆ ಪಳಪಳ ಆಗುತ್ತದೆ.

ಕಲ್ಸಂಕ:

@ಮಲ್ಪೆ ಕೇಬಲ್, ರಬ್ಬರ್ ಬೇಡ ಮಾರಾಯ್ರೆ. ಚಿನ್ನದ ಲೇಪ ಮೈಕ್ರಾನ್ ಲೆಕ್ಕದ್ದು. ಉಜ್ಜಿದ ಹಾಗೆ ತಾಮ್ರ ಹೊರಬಂದು ಮುಂದಿನ ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ. ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಇನ್ನೊಂದು ರಗಳೆ. 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು, ನೂಲು ಬಿಡದ ಬಟ್ಟೆಯಲ್ಲಿ ಅದ್ದಿ ಒಂದೇ ದಿಕ್ಕಿಗೆ ಒರೆಸಿ, ಎರಡು ನಿಮಿಷ ಒಣಗಲಿ.

ಮಲ್ಪೆ ಕೇಬಲ್:

ಆಲ್ಕೋಹಾಲ್ ಜಿಡ್ಡು ತೆಗೆಯುತ್ತದೆ, ಗಟ್ಟಿಯಾಗಿ ಕೂತ ಕಪ್ಪು ಕಲೆ ತೆಗೆಯುವುದಿಲ್ಲ. ಅಂಥದ್ದಕ್ಕೆ ಒಂದೇ ಸಲ ಬಿಳಿ ಮೆತ್ತನೆ ರಬ್ಬರ್, ಆಮೇಲೆ ಬ್ರಷ್, ಆಮೇಲೆ ಆಲ್ಕೋಹಾಲ್. ದಿನಾ ಮಾಡುವ ಕೆಲಸ ಅಲ್ಲ, ಅದನ್ನು ಒಪ್ಪುತ್ತೇನೆ. ಬೋಟಿನವರ ಕೈಯಲ್ಲಿರುವ ಸಾಮಾನ್ಯ ಡಬ್ಲ್ಯುಡಿ-40 ಮಾತ್ರ ಸ್ಲಾಟಿಗೆ ಹೊಡೆಯಬೇಡಿ, ಎಣ್ಣೆಯ ಪದರ ಉಳಿದು ಧೂಳು ಹಿಡಿಯುತ್ತದೆ.

ಪಡುಬಿದ್ರೆ ಪೇಟೆ:

ಎಲ್ಲರಿಗೂ ಧನ್ಯವಾದ. ರೌಟರಿನ 1 ಮತ್ತು 2ನೇ ಪೋರ್ಟ್ ಹೋಗಿದ್ದದ್ದು ನಿಜ, 3 ಮತ್ತು 4 ಸರಿ ಉಂಟು. ಗೋಡೌನಿನ ಕೇಬಲ್ 2ನೆಯದರಲ್ಲಿತ್ತು. ಆರ್‌ಟಿಎಲ್8168 ಕಾರ್ಡ್ ತಂದು ಹಾಕಿದೆ, ವಿಂಡೋಸ್ ತಾನೇ ಗುರುತಿಸಿತು. ಈಗ ಮೂರು ತೊಂದರೆ:

ಒಂದು, 192.168.1.10 ಹಾಕಲು ಹೋದರೆ ಈ ಐಪಿ ಈಗಿಲ್ಲದ ಇನ್ನೊಂದು ಅಡಾಪ್ಟರಿಗೆ ಸೇರಿದೆ ಅನ್ನುತ್ತದೆ. ಎರಡು, ಇಂಟರ್‌ನೆಟ್ ಬರುತ್ತದೆ, ಆದರೆ ಗೋಡೌನಿನ ಯಂತ್ರಕ್ಕೆ ಡೇಟಾ ತೆರೆಯುವುದಿಲ್ಲ. ಮೂರು, ಸ್ಪೀಡ್ 100 ಎಂಬಿಪಿಎಸ್ ಅಂತ ತೋರಿಸುತ್ತದೆ, ಕಾರ್ಡ್ ಗಿಗಾಬಿಟ್‌ನದ್ದು.

ಸುರತ್ಕಲ್ ಲಿನಕ್ಸ್:

ಮೊದಲನೆಯದು: ಸತ್ತ ಲ್ಯಾನಿನ ನೆರಳು ರಿಜಿಸ್ಟ್ರಿಯಲ್ಲಿ ಉಳಿದಿದೆ. ಬಯೋಸ್‌ನಲ್ಲಿ ಡಿಸೇಬಲ್ ಮಾಡುವ ಮೊದಲು ಅನ್‌ಇನ್‌ಸ್ಟಾಲ್ ಮಾಡಿರಲಿಲ್ಲ ಅಂತ ಕಾಣುತ್ತದೆ. ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ಮಸುಕಾಗಿ ಹಳೆಯದು ಕಾಣುತ್ತದೆ, ಬಲ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್. ಆಮೇಲೆ ಐಪಿ ಹಾಕಿ: 192.168.1.10, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.1.1, ಡಿಎನ್‌ಎಸ್‌ಗೂ 192.168.1.1.

ನನ್ನ ಅಭಿಪ್ರಾಯ ಕೇಳಿದರೆ ಕೈಯಲ್ಲಿ ಐಪಿ ಹಾಕುವುದಕ್ಕಿಂತ ರೌಟರಿನ ಡಿಎಚ್‌ಸಿಪಿ (ಐಪಿ ಹಂಚುವ) ಪುಟದಲ್ಲಿ ಹೊಸ ಕಾರ್ಡಿನ ಮ್ಯಾಕ್ ವಿಳಾಸಕ್ಕೆ (ಕಾರ್ಡಿನದ್ದೇ ಗುರುತಿನ ಸಂಖ್ಯೆ) 192.168.1.10 ಅಂತ ಕಾಯ್ದಿರಿಸಿ, ಯಂತ್ರದಲ್ಲಿ ಆಟೋಮ್ಯಾಟಿಕ್ ಬಿಡುವುದು ಒಳ್ಳೆಯದು. ಕೈಯಲ್ಲಿ ಹಾಕಿದ ಐಪಿ ರೌಟರಿನ ಹಂಚುವ ವ್ಯಾಪ್ತಿಯ ಒಳಗೇ ಇದ್ದರೆ ಒಂದು ದಿನ ಯಾರದ್ದೋ ಮೊಬೈಲಿಗೆ ಅದೇ ಐಪಿ ಹೋಗಿ ಬಿಲ್ಲಿಂಗ್ ನಿಲ್ಲುತ್ತದೆ. ಮ್ಯಾಕ್ ಗೊತ್ತಾಗಲು ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ /ಆಲ್ ಕೊಟ್ಟು ಫಿಸಿಕಲ್ ಅಡ್ರೆಸ್ ಸಾಲು ನೋಡಿ. ಅದೇ ಪರದೆಯಲ್ಲಿ 169.254 ಎಂದು ಶುರುವಾಗುವ ಐಪಿ ಕಂಡರೆ ರೌಟರಿನಿಂದ ಉತ್ತರವೇ ಬಂದಿಲ್ಲ ಎಂದರ್ಥ. ಆಗ ಐಪಿ ಬದಲಿಸುತ್ತ ಕೂರಬೇಡಿ, ಕೇಬಲ್ ನೋಡಿ.

ಎರಡನೆಯದಕ್ಕೆ ಕಾರಣ ವಿಂಡೋಸ್. ಹೊಸ ಕಾರ್ಡ್ ಎಂದರೆ ಅದಕ್ಕೆ ಹೊಸ ನೆಟ್‌ವರ್ಕ್. ಅದನ್ನು ಪಬ್ಲಿಕ್ ಎಂದು ಗುರುತಿಸಿ ಫೈಲ್ ಹಂಚಿಕೆಯನ್ನು ಫೈರ್‌ವಾಲ್‌ನಲ್ಲಿ ಮುಚ್ಚಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಈಥರ್‌ನೆಟ್, ಹೊಸ ಸಂಪರ್ಕದ ಮೇಲೆ ಒತ್ತಿ ಪ್ರೈವೇಟ್ ಆಯ್ಕೆ ಮಾಡಿ. ಗೋಡೌನಿನಿಂದ ಪಿಂಗ್ 192.168.1.10 ಕೊಟ್ಟು ನೋಡಿ. ಪ್ರೈವೇಟ್ ಮಾಡಿ ಫೈಲ್ ಹಂಚಿಕೆ ಆನ್ ಇದ್ದರೆ ಉತ್ತರ ಬರುತ್ತದೆ. ಫೈರ್‌ವಾಲನ್ನೇ ಆಫ್ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಬಿಲ್ಲಿಂಗ್ ಡೇಟಾ ಇರುವ ಯಂತ್ರ ಅದು.

ಮಲ್ಪೆ ಕೇಬಲ್:

ಮೂರನೆಯದು ನನ್ನ ಪಾಲಿನದ್ದು. 100ಕ್ಕೆ ನಿಂತರೆ ಹತ್ತರಲ್ಲಿ ಒಂಬತ್ತು ಸಲ ಕೇಬಲ್. 100 ಮೆಗಾಬಿಟ್‌ಗೆ ನಾಲ್ಕು ತಂತಿ ಸಾಕು, 1, 2, 3 ಮತ್ತು 6. ಗಿಗಾಬಿಟ್‌ಗೆ ಎಂಟೂ ಬೇಕು. 4, 5, 7, 8ರಲ್ಲಿ ಒಂದು ತುಂಡಾದರೂ ಅಥವಾ ಕ್ರಿಂಪ್ ಸರಿ ಕಚ್ಚದಿದ್ದರೂ ಎರಡು ತುದಿಯೂ ಮಾತಾಡಿಕೊಂಡು 100ಕ್ಕೆ ಇಳಿಯುತ್ತವೆ. ನೆಟ್ ನಡೆಯುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಎಂಟು ದೀಪದ ಟೆಸ್ಟರ್ ಹಾಕಿ. ಎರಡೂ ಬದಿ 1ರಿಂದ 8 ಕ್ರಮವಾಗಿ ಹತ್ತಬೇಕು. ಬಣ್ಣದ ಕ್ರಮ ಬಿ ಪದ್ಧತಿಯದ್ದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕೆಲವರು ನೆನಪಿಗೆ ಸುಲಭ ಅಂತ ಜೋಡಿ ಜೋಡಿಯಾಗಿ ಸಾಲು ಹಾಕುತ್ತಾರೆ, ಕಿತ್ತಳೆ, ಹಸಿರು, ನೀಲಿ, ಕಂದು ಅಂತ. ಎರಡೂ ತುದಿ ಒಂದೇ ಆದರೆ ಟೆಸ್ಟರ್ ಸರಿ ಅನ್ನುತ್ತದೆ, ಕೇಬಲ್ ಮಾತ್ರ ಸರಿ ಇರುವುದಿಲ್ಲ. 3 ಮತ್ತು 6 ಒಂದೇ ಜೋಡಿಯ ಹುರಿ ಆಗಿರಬೇಕು. ಬೇರೆ ಬೇರೆ ಜೋಡಿಯಿಂದ ಬಂದರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ. 2 ಮೀಟರಿಗೆ ನಡೆದದ್ದು 40 ಮೀಟರಿಗೆ ನಡೆಯುವುದಿಲ್ಲ.

ಜಾಕ್ ಹಾಕುವಾಗ ಹುರಿ ಬಿಚ್ಚುವುದು ಒಂದು ಸೆಂಟಿಮೀಟರ್ ಚಿಲ್ಲರೆ ಮಾತ್ರ. ಹೊರಗಿನ ಸಿಪ್ಪೆ ಜಾಕಿನ ಒಳಗೆ ಹೋಗಿ ಕಚ್ಚಬೇಕು, ಇಲ್ಲದಿದ್ದರೆ ಎಳೆದಾಗ ಭಾರ ತಂತಿಗೇ ಬೀಳುತ್ತದೆ. ಅಗ್ಗದ ಕೇಬಲ್ ಹೆಚ್ಚಾಗಿ ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರ ಬಳಿದದ್ದು. ಚಾಕುವಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದು ಬಗ್ಗಿಸಿದಲ್ಲಿ ತುಂಡಾಗುತ್ತದೆ, ನಮ್ಮ ಹವೆಗೆ ಬೇಗ ಪುಡಿಯಾಗುತ್ತದೆ. ಪೂರ್ತಿ ತಾಮ್ರದ ಕ್ಯಾಟ್ 6 ಹಾಕಿ.

ಮಣ್ಣಗುಡ್ಡ:

ಪ್ರಾಪರ್ಟೀಸ್, ಅಡ್ವಾನ್ಸ್‌ಡ್‌ನಲ್ಲಿ ಸ್ಪೀಡ್ ಮತ್ತು ಡುಪ್ಲೆಕ್ಸ್ 1 ಗಿಗಾಬಿಟ್ ಅಂತ ಒತ್ತಾಯದಲ್ಲಿ ಹಾಕಿದರೆ ಆಗುವುದಿಲ್ಲವೇ?

ಸುರತ್ಕಲ್ ಲಿನಕ್ಸ್:

ಬೇಡ. ತಾಮ್ರದ ಕೇಬಲಿನ ಗಿಗಾಬಿಟ್‌ಗೆ ಆಟೋ ನೆಗೋಶಿಯೇಶನ್ (ಎರಡೂ ತುದಿ ತಾವೇ ಮಾತಾಡಿ ವೇಗ ನಿಶ್ಚಯಿಸುವುದು) ಕಡ್ಡಾಯ. ತುಂಡಾದ ತಂತಿ ಆಯ್ಕೆ ಬದಲಿಸಿದ್ದಕ್ಕೆ ಕೂಡಿಕೊಳ್ಳುವುದಿಲ್ಲ, ಸಂಪರ್ಕವೇ ಬಿಡುತ್ತದೆ. 100 ಫುಲ್ ಡುಪ್ಲೆಕ್ಸ್ (ಎರಡೂ ದಿಕ್ಕಿಗೆ ಒಟ್ಟಿಗೆ) ಅಂತ ಒಂದು ಬದಿಯಲ್ಲಿ ಮಾತ್ರ ಒತ್ತಾಯಿಸುವುದು ಇನ್ನೂ ಕೆಟ್ಟದು. ಇನ್ನೊಂದು ಬದಿಗೆ ಉತ್ತರ ಸಿಗದೆ ಅದು ಹಾಫ್ ಡುಪ್ಲೆಕ್ಸ್ (ಒಮ್ಮೆಗೆ ಒಂದೇ ದಿಕ್ಕು) ಅಂತ ಭಾವಿಸುತ್ತದೆ. ಪಿಂಗ್ ಸರಿ ಬರುತ್ತದೆ, ದೊಡ್ಡ ಫೈಲ್ ಕಳಿಸಿದರೆ ತೆವಳುತ್ತದೆ.

ಆ ಅಡ್ವಾನ್ಸ್‌ಡ್ ಪಟ್ಟಿಯಲ್ಲಿ ನಿಜವಾಗಿ ಬದಲಿಸಬೇಕಾದದ್ದು ಎರಡು ಮೂರು ಮಾತ್ರ. ಎನರ್ಜಿ ಎಫಿಷಿಯೆಂಟ್ ಈಥರ್‌ನೆಟ್ ಮತ್ತು ಗ್ರೀನ್ ಈಥರ್‌ನೆಟ್ ಡಿಸೇಬಲ್ ಮಾಡಿ. ಹಳೆ ಸ್ವಿಚ್ಚಿನ ಜೊತೆ ಇವು ಕ್ಷಣಕ್ಷಣಕ್ಕೆ ಸಂಪರ್ಕ ಕಡಿಯುತ್ತವೆ. ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಈ ಸಾಧನ ಆಫ್ ಮಾಡಬಹುದು ಎಂಬ ಗುರುತು ತೆಗೆಯಿರಿ. ಗೋಡೌನಿನವರು ಮಧ್ಯಾಹ್ನ ಊಟ ಮಾಡಿ ಬಂದಾಗ ಡೇಟಾ ತೆರೆಯುವುದಿಲ್ಲ ಎಂಬ ದೂರಿನ ಮೂಲ ಅದೇ ಆಗಿರುತ್ತದೆ. ಜಂಬೋ ಫ್ರೇಮ್ (ಮಾಮೂಲಿಗಿಂತ ದೊಡ್ಡ ಪ್ಯಾಕೆಟ್) ಮುಟ್ಟಬೇಡಿ. ರೌಟರ್, ಸ್ವಿಚ್, ಎರಡೂ ಯಂತ್ರ ಎಲ್ಲವೂ ಒಂದೇ ಅಳತೆಗೆ ಒಪ್ಪದಿದ್ದರೆ ದೊಡ್ಡ ಪ್ಯಾಕೆಟ್ ಎಲ್ಲೋ ಬಿದ್ದುಹೋಗುತ್ತದೆ.

ಕಲ್ಸಂಕ:

ರೌಟರ್ ಇಲ್ಲದೆ ಕೇಬಲ್ ಆಪರೇಟರರ ತಂತಿ ನೇರ ಕಂಪ್ಯೂಟರಿಗೆ ಹಾಕಿದವರಿಗೆ: ಹಲವು ಕಡೆ ಸಂಪರ್ಕವನ್ನು ಹಳೆ ಕಾರ್ಡಿನ ಮ್ಯಾಕ್ ವಿಳಾಸಕ್ಕೆ ಕಟ್ಟಿರುತ್ತಾರೆ. ಕಾರ್ಡ್ ಬದಲಾದರೆ ದೀಪ ಹತ್ತುತ್ತದೆ, ಐಪಿ ಬರುವುದಿಲ್ಲ. ಆಪರೇಟರರಿಗೆ ಫೋನ್ ಮಾಡಿ ಮ್ಯಾಕ್ ಬದಲಿಸಲು ಹೇಳಿ. ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಹೋಗುವ ಪಿಪಿಪಿಒಇ ಆದರೆ ಹೊಸ ಕಾರ್ಡಿನ ಮೇಲೆ ಸಂಪರ್ಕವನ್ನು ಪುನಃ ಮಾಡಬೇಕು. ಅದರಲ್ಲಿ 8 ಬೈಟ್ ಹೊದಿಕೆಗೇ ಹೋಗುವ ಕಾರಣ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ) 1500 ಅಲ್ಲ, 1492.

ಹಾಗೇ ಕೆಲವು ಬಿಲ್ಲಿಂಗ್ ತಂತ್ರಾಂಶಗಳ ಲೈಸೆನ್ಸ್ ಕೂಡ ಮ್ಯಾಕ್ ನೋಡಿ ಕೊಟ್ಟದ್ದಿರುತ್ತದೆ. ಪಡುಬಿದ್ರೆಯವರೇ, ನಿಮ್ಮದು ತೆರೆಯುತ್ತಿದೆ ಅಲ್ವಾ?

ಪಡುಬಿದ್ರೆ ಪೇಟೆ:

ತೆರೆಯುತ್ತದೆ. ಪ್ರೈವೇಟ್ ಮಾಡಿದ ಕೂಡಲೆ ಗೋಡೌನಿಗೂ ಡೇಟಾ ಬಂತು. ಟೆಸ್ಟರ್ ಹಾಕಿದರೆ ಕೌಂಟರಿನ ಕೇಬಲಿನಲ್ಲಿ 7 ಹತ್ತಲಿಲ್ಲ. ಜಾಕ್ ಕತ್ತರಿಸಿ ಹೊಸತು ಹಾಕಿದ ಮೇಲೆ 1.0 ಜಿಬಿಪಿಎಸ್ ತೋರಿಸುತ್ತದೆ. ಅದು ನಿಜವಾಗಿ ಬರುತ್ತಿದೆಯೇ ಅಂತ ನೋಡುವುದು ಹೇಗೆ? ಇಂಟರ್‌ನೆಟ್ ಸ್ಪೀಡ್ ಟೆಸ್ಟ್ 100ಕ್ಕೇ ನಿಲ್ಲುತ್ತದೆ, ಪ್ಲಾನ್ ಅಷ್ಟೇ ಇರುವುದು.

ಸುರತ್ಕಲ್ ಲಿನಕ್ಸ್:

ಐಪರ್ಫ್ 3 ಎಂಬ ಉಚಿತ ಸಲಕರಣೆ ಎರಡೂ ಯಂತ್ರದಲ್ಲಿ ಹಾಕಿ. ಒಂದನ್ನು ಸರ್ವರ್ ಮಾಡಿ, ಇನ್ನೊಂದರಿಂದ 192.168.1.10ಕ್ಕೆ 30 ಸೆಕೆಂಡ್ ಓಡಿಸಿ. ಗಿಗಾಬಿಟ್‌ನಲ್ಲಿ 940 ಮೆಗಾಬಿಟ್ ಹತ್ತಿರ ಬರಬೇಕು. ಪ್ಯಾಕೆಟ್ಟಿನ ತಲೆಬರಹಗಳಿಗೆ ಉಳಿದದ್ದು ಹೋಗುತ್ತದೆ, ಅದು ದೋಷ ಅಲ್ಲ. ದಿಕ್ಕು ತಿರುಗಿಸಿಯೂ ಓಡಿಸಿ. ಒಂದು ದಿಕ್ಕಿಗೆ 940, ಇನ್ನೊಂದಕ್ಕೆ 300 ಬಂದರೆ ಪುನಃ ಕೇಬಲ್ ಅಥವಾ ಡ್ರೈವರ್ ಅನುಮಾನ.

ಎಚ್110ರ ಹೆಚ್ಚಿನ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮುಂದೆ ಲಿನಕ್ಸ್ ಹಾಕುವ ಯೋಚನೆ ಇದ್ದರೆ ಎರಡು ಮಾತು. ಕಾರ್ಡ್ ಸ್ಲಾಟ್ ಬದಲಿಸಿದರೆ ಇಂಟರ್‌ಫೇಸ್ ಹೆಸರು ಬದಲಾಗುತ್ತದೆ, ಇಎನ್‌ಪಿ2ಎಸ್0 ಇದ್ದದ್ದು ಇಎನ್‌ಪಿ3ಎಸ್0 ಆಗುತ್ತದೆ, ಹಳೆ ಹೆಸರಿಗೆ ಬರೆದಿಟ್ಟ ಸೆಟ್ಟಿಂಗ್ ಅನಾಥ. ಹಾಗಾಗಿ ಹೆಸರಿನ ಬದಲು ಮ್ಯಾಕ್ ವಿಳಾಸಕ್ಕೆ ಕಟ್ಟಿ. ಮತ್ತೆ ರಿಯಲ್‌ಟೆಕ್‌ನಲ್ಲಿ ಆಗಾಗ ಸಂಪರ್ಕ ಕಡಿದರೆ ಪಿಸಿಐ ಎಕ್ಸ್‌ಪ್ರೆಸ್‌ನ ವಿದ್ಯುತ್ ಉಳಿತಾಯ, ಅಂದರೆ ಎಎಸ್‌ಪಿಎಂ ಅನ್ನು ಬಯೋಸ್‌ನಲ್ಲಿ ಆಫ್ ಮಾಡಿ ನೋಡಿ.

ಕಾರ್‌ಸ್ಟ್ರೀಟ್ ಸರ್ವಿಸ್:

ಇಷ್ಟೆಲ್ಲ ಮಾಡಿದರೂ ಆ 40 ಮೀಟರಿನ ವಿಷಯ ಬಾಕಿ ಉಂಟು. ಅದನ್ನು ಹಾಗೇ ಬಿಟ್ಟರೆ ತುಲಾ ತಿಂಗಳ ಗುಡುಗಿಗೋ, ತಪ್ಪಿದರೆ ಮುಂದಿನ ಏಪ್ರಿಲ್-ಮೇ ತಿಂಗಳಿನಲ್ಲಿ ಮಳೆಗಾಲಕ್ಕೆ ಮುಂಚಿನ ಸಿಡಿಲಿಗೋ ಈ ಕಾರ್ಡೂ ಹೋಗುತ್ತದೆ. ಲ್ಯಾನ್ ಪೋರ್ಟಿನ ಒಳಗಿನ ಸಣ್ಣ ಟ್ರಾನ್ಸ್‌ಫಾರ್ಮರ್ ತಡೆಯುವುದು 1500 ವೋಲ್ಟ್ ಮಟ್ಟಿಗೆ. ಸಿಡಿಲು ನೇರ ಕೇಬಲಿಗೆ ಹೊಡೆಯಬೇಕೆಂದಿಲ್ಲ, ಹತ್ತಿರದ ತೆಂಗಿನ ಮರಕ್ಕೆ ಹೊಡೆದರೂ ಅಂಗಳದ ಮೇಲಿನ ತಂತಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹುಟ್ಟುತ್ತದೆ. ಅಂಗಡಿಗೆ ಒಂದು ಅರ್ತ್, ಗೋಡೌನಿಗೆ ಇನ್ನೊಂದು ಅರ್ತ್ ಇದ್ದರೆ ಆ ಎರಡರ ನಡುವಿನ ವ್ಯತ್ಯಾಸವೂ ಇದೇ ಕೇಬಲಿನಲ್ಲಿ ಓಡುತ್ತದೆ.

ಎರಡು ಕಟ್ಟಡದ ನಡುವೆ ತಾಮ್ರ ಬೇಡ. ಫೈಬರ್ ಹಾಕಿ, ಎರಡು ತುದಿಗೂ ಒಂದೊಂದು ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಸಿಗ್ನಲ್‌ಗೆ, ತಾಮ್ರದ್ದನ್ನು ಬೆಳಕಿಗೆ ಬದಲಿಸುವ ಡಬ್ಬಿ). ಒಂದೇ ಎಳೆಯದ್ದಾದರೆ ಕನ್ವರ್ಟರ್ ಜೋಡಿಯಾಗಿಯೇ ಬರುತ್ತದೆ, ಎ ಮತ್ತು ಬಿ ಅಂತ. ಎರಡು ಎ ತಂದರೆ ಮಾತಾಡುವುದಿಲ್ಲ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ.

ಮಲ್ಪೆ ಕೇಬಲ್:

ಗಾಜಿನಲ್ಲಿ ಹರಿಯುವುದಿಲ್ಲ, ಆದರೆ ಮೇಲಿಂದ ಎಳೆಯುವ ಡ್ರಾಪ್ ಫೈಬರಿನ ಬದಿಗೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗಿನ ಕೊಕ್ಕೆಗೆ ಕಟ್ಟಿ ಅಲ್ಲಿಗೇ ಕತ್ತರಿಸಬೇಕು, ಒಳಗೆ ಕನ್ವರ್ಟರ್ ತನಕ ತರಬಾರದು. ಗೋಡೆಯ ತೂತಿಗೆ ಹೋಗುವ ಮೊದಲು ಕೇಬಲ್ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಬೇಕು. ನೇರ ಒಳಗೆ ಬಿಟ್ಟರೆ ಆಷಾಢದ ಮಳೆಯಲ್ಲಿ ನೀರು ಕೇಬಲ್ ಹಿಡಿದುಕೊಂಡೇ ಜಾಕಿನ ಒಳಗೆ ಬರುತ್ತದೆ, ನಾಲ್ಕು ದಿನಕ್ಕೆ ಹಸಿರು. ತಾಮ್ರವೇ ಇರಲಿ ಅಂತಾದರೆ ಹೊರಗಿನ ಭಾಗಕ್ಕೆ ಬಿಸಿಲು ತಡೆಯುವ ಕಪ್ಪು ಸಿಪ್ಪೆಯದ್ದೇ ಆಗಬೇಕು, ಬೂದು ಬಣ್ಣದ್ದು ಒಳಗಿನ ಬಳಕೆಗೆ.

ಮಣ್ಣಗುಡ್ಡ:

ಈಥರ್‌ನೆಟ್ ಸರ್ಜ್ (ಹಠಾತ್ ವೋಲ್ಟೇಜ್ ಏರಿಕೆ) ಪ್ರೊಟೆಕ್ಟರ್ ಅಂತ ಸಣ್ಣ ಡಬ್ಬಿ ಸಿಗುತ್ತದಲ್ಲ, ಅದು ಸಾಕಾಗುವುದಿಲ್ಲವೇ?

ಕಲ್ಸಂಕ:

ಅದರಿಂದ ಹೊರಡುವ ಹಸಿರು ತಂತಿ ಒಳ್ಳೆಯ ಅರ್ತಿಗೆ, ಆದಷ್ಟು ಗಿಡ್ಡವಾಗಿ ಸೇರಿದರೆ ಮಾತ್ರ ಪ್ರಯೋಜನ ಸರ್. ತಂತಿ ಜೋಡಿಸದೆ ಇಟ್ಟರೆ ಅದು ಇನ್ನೊಂದು ಜಾಕ್ ಅಷ್ಟೇ.

ಅರ್ತ್ ವಿಷಯದಲ್ಲಿ ನಮ್ಮ ನೆಲವೇ ಕಷ್ಟದ್ದು. ಮುರಕಲ್ಲಿನ ನೆಲದಲ್ಲಿ ಬೇಸಿಗೆಗೆ ನೀರಿನ ಪಸೆ ಆರಿ ಪ್ರತಿರೋಧ ಏರುತ್ತದೆ, ಸಿಡಿಲು ಬರುವುದೂ ಅದೇ ಹೊತ್ತಿಗೆ. ಗುಂಡಿಗೆ ಇದ್ದಿಲು, ಉಪ್ಪು ಪದರ ಪದರವಾಗಿ ಹಾಕಿದ್ದರೂ ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ನೀರು ಹೊಯ್ಯುತ್ತಿರಬೇಕು. ಎಲೆಕ್ಟ್ರಿಷಿಯನ್ ಹತ್ತಿರ ಸಾಕೆಟ್ಟಿನಲ್ಲಿ ಅಳೆಸಿ: ಫೇಸ್‌ನಿಂದ ನ್ಯೂಟ್ರಲ್‌ಗೆ ಎಷ್ಟು ಬರುತ್ತದೋ ಫೇಸ್‌ನಿಂದ ಅರ್ತಿಗೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಇರಬಾರದು. ಅರ್ತ್ ಟೆಸ್ಟರ್ ಇದ್ದವರಾದರೆ 5 ಓಮ್ ಒಳಗೆ ಬರುವ ಹಾಗೆ ಮಾಡಿಸಿ.

ಅದಾಗುವ ತನಕ, ಗುಡುಗು ಕೇಳಿದರೆ ಪವರ್ ಪ್ಲಗ್ ಒಂದನ್ನೇ ಕಿತ್ತರೆ ಸಾಲದು, ಲ್ಯಾನ್ ಜಾಕನ್ನೂ ತೆಗೆಯಬೇಕು. ರೌಟರಿನ ಅಡಾಪ್ಟರನ್ನೂ. ಸರ್ಜ್ ಎಂಬುದು ಕರೆಂಟಿನ ದಾರಿಯಿಂದ ಒಳಗೆ ಬಂದು ಲ್ಯಾನ್ ದಾರಿಯಲ್ಲಿ ಹೊರಗೆ ಹೋಗುತ್ತದೆ, ಅಥವಾ ಉಲ್ಟಾ. ಒಂದು ಬಾಗಿಲು ತೆರೆದೇ ಇದ್ದರೆ ಇನ್ನೊಂದು ಮುಚ್ಚಿದ್ದು ಅರ್ಧ ಕೆಲಸ.

ಪಡುಬಿದ್ರೆ ಪೇಟೆ:

ಐಪರ್ಫ್ ಓಡಿಸಿದೆ. ಕೌಂಟರಿನಲ್ಲೇ ರೌಟರಿಗೆ ಹಾಕಿದ ಲ್ಯಾಪ್‌ಟಾಪಿನಿಂದ ಎರಡೂ ದಿಕ್ಕಿಗೆ 938-941. ಗೋಡೌನಿನಿಂದ 94 ಮಾತ್ರ. ಆ ಕೇಬಲಿನ ಸಿಪ್ಪೆ ಬೂದು ಬಣ್ಣದ್ದೇ, ಬಿಸಿಲಿಗೆ ಬಿರುಕು ಬಿಟ್ಟಿದೆ, ಟೆಸ್ಟರಿನಲ್ಲಿ 4 ಮತ್ತು 5 ಹತ್ತುವುದಿಲ್ಲ. ಅದನ್ನು ಪೂರ್ತಿ ತೆಗೆದು ಫೈಬರ್ ಹಾಕಿಸುವುದು ಅಂತ ತೀರ್ಮಾನ ಮಾಡಿದೆ. ಅಲ್ಲಿಯವರೆಗೆ ಸಂಜೆ ಅಂಗಡಿ ಮುಚ್ಚುವಾಗ ಗೋಡೌನಿನ ಜಾಕ್ ರೌಟರಿನಿಂದ ತೆಗೆದಿಡುತ್ತೇವೆ.

ಮೀಡಿಯಾ ಕನ್ವರ್ಟರಿನ ಮೇಲೆ ಎಫ್‌ಎಕ್ಸ್ ಅಂತ ಒಂದು ದೀಪ, ಟಿಪಿ ಅಂತ ಇನ್ನೊಂದು ಉಂಟಲ್ಲ, ಎರಡೂ ಹತ್ತಬೇಕಾ?

ಮಲ್ಪೆ ಕೇಬಲ್:

ಎರಡೂ ಹತ್ತಬೇಕು. ಎಫ್‌ಎಕ್ಸ್ ಫೈಬರಿನದ್ದು, ಟಿಪಿ ತಾಮ್ರದ್ದು. ಎಫ್‌ಎಕ್ಸ್ ಹತ್ತದಿದ್ದರೆ ಎ-ಬಿ ಜೋಡಿ ತಪ್ಪಿದೆ ಅಥವಾ ಫೈಬರ್ ಎಲ್ಲೋ ಚೂಪಾಗಿ ಮಡಚಿದೆ. ಸುತ್ತು ಹಾಕುವಾಗ ಕನಿಷ್ಠ ಒಂದು ಕಾಫಿ ಲೋಟದ ಬಾಯಿಯಷ್ಟಾದರೂ ಅಗಲ ಇರಲಿ. ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಉಂಟಾ ಅಂತ ನೋಡಬೇಡಿ, ಅದು ಕಣ್ಣಿಗೆ ಕಾಣದ ಲೇಸರ್. ಕೆಲವು ಕನ್ವರ್ಟರಿನ ಅಡಿಯಲ್ಲಿ ಸಣ್ಣ ಸ್ವಿಚ್‌ಗಳಿರುತ್ತವೆ, ಎಲ್‌ಎಫ್‌ಪಿ ಅಂತ ಬರೆದದ್ದು. ಮೊದಲ ದಿನ ಅದು ಆಫ್ ಇರಲಿ. ಆನ್ ಇದ್ದರೆ ಒಂದು ಬದಿ ಕಡಿದಾಗ ಎರಡೂ ಬದಿಯ ದೀಪ ಆರಿ ಯಾವ ತುದಿಯ ದೋಷ ಅಂತ ಗೊತ್ತಾಗುವುದಿಲ್ಲ.

ಕಾರ್‌ಸ್ಟ್ರೀಟ್ ಸರ್ವಿಸ್:

ಕಡೆಯದಾಗಿ ಒಂದು ಸಣ್ಣ ಕೆಲಸ, ಪಡುಬಿದ್ರೆಯವರೇ. ಮದರ್‌ಬೋರ್ಡಿನ ಸತ್ತ ಪೋರ್ಟಿನ ಬಾಯಿಗೆ ಒಂದು ತುಂಡು ಇನ್ಸುಲೇಷನ್ ಟೇಪ್ ಅಂಟಿಸಿ. ಸಂಜೆ ಜಾಕ್ ತೆಗೆದು ಬೆಳಿಗ್ಗೆ ಹಾಕುವ ಹುಡುಗರು ಹಳೆ ಅಭ್ಯಾಸದಲ್ಲಿ ಅದಕ್ಕೇ ಸಿಕ್ಕಿಸಿ ನೆಟ್ ಇಲ್ಲ ಅನ್ನುತ್ತಾರೆ.